ವಿಮಾನದ ಹಿಂದಿನ ರಾತ್ರಿಯ ಕೋಣೆ



ಧರ್ಮಕೇಂದ್ರದ ಕಚೇರಿಗೆ ಜನರು ಬರುವುದು ಸಾಮಾನ್ಯವಾಗಿ ಜ್ಞಾನಸ್ನಾನದ ಪ್ರಮಾಣಪತ್ರಕ್ಕಾಗಿ, ಮದುವೆಯ ಪ್ರಕಟಣೆಗಾಗಿ, ಅಗಲಿದವರ ಹೆಸರಿನಲ್ಲಿ ಪೂಜೆ ಹೇಳಿಸುವುದಕ್ಕಾಗಿ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ವಿಚಾರಣೆಯೂ ಸೇರಿಕೊಂಡಿದೆ. "ಸ್ವಾಮಿ, ಮಗಳು ಇಪ್ಪತ್ತನೇ ತಾರೀಖು ದುಬೈಗೆ ಹೊರಡುತ್ತಾಳೆ. ಬೆಂಗಳೂರಿನಲ್ಲಿ ವಿಮಾನ ನಿಲ್ದಾಣಕ್ಕೆ ಹತ್ತಿರವಾಗಿ ಒಂದು ಒಳ್ಳೆಯ ಹೋಟೆಲು ಇದ್ದರೆ ಹೇಳಿ." ಮಲೆನಾಡಿನ ತೋಟದ ಊರುಗಳಿಂದ, ಹಾಸನ ಮೈಸೂರುಗಳ ಕಡೆಯಿಂದ ನಮ್ಮ ಮಕ್ಕಳು ದಾದಿಯರಾಗಿ, ಚಾಲಕರಾಗಿ, ಲೆಕ್ಕಿಗರಾಗಿ ಹೊರನಾಡಿಗೆ ಹೋಗುತ್ತಿದ್ದಾರೆ. ಅವರನ್ನು ಕಳುಹಿಸಿಕೊಡಲು ಹೋಗುವ ತಂದೆತಾಯಂದಿರಲ್ಲಿ ಅನೇಕರಿಗೆ ಬೆಂಗಳೂರು ಅಪರಿಚಿತ. ಗುರುಗಳಿಗೆ ಎಲ್ಲವೂ ತಿಳಿದಿರುತ್ತದೆ ಎಂಬ ನಂಬಿಕೆ ಮಾತ್ರ ಅವರಲ್ಲಿ ಅಚಲ. ಹೀಗೆ ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆದಿಡುವುದು ಲೇಸೆಂದು ತೋರಿತು.

ನಮ್ಮ ಹಿರಿಯರಿಗೆ ಹೋಟೆಲೆಂದರೆ ಇಡ್ಲಿ, ಕಾಫಿ ದೊರೆಯುವ ಸ್ಥಳ. ರಾತ್ರಿ ತಂಗಲು ಇದ್ದದ್ದು ಛತ್ರ, ಆಮೇಲೆ ಲಾಡ್ಜು. ಗುರುಮಠದಲ್ಲಿ ಲತೀನ್ ಕಲಿಯುವಾಗ 'ಹೋಸ್ಪೆಸ್' ಎಂಬ ಪದವೊಂದು ನಮ್ಮನ್ನು ಬಹಳ ಕಾಡುತ್ತಿತ್ತು. ಅದಕ್ಕೆ ಅತಿಥಿ ಎಂಬ ಅರ್ಥವೂ ಉಂಟು, ಆತಿಥೇಯ ಎಂಬ ಅರ್ಥವೂ ಉಂಟು. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಮೂರೂ ಆ ಒಂದೇ ಬೇರಿನ ಚಿಗುರುಗಳು. ಬರುವ ಅತಿಥಿಗಳೆಲ್ಲರನ್ನೂ ಕ್ರಿಸ್ತನೆಂದೇ ಭಾವಿಸಿ ಬರಮಾಡಿಕೊಳ್ಳಬೇಕೆಂದು ಸಂತ ಬೆನೆಡಿಕ್ಟರು ತಮ್ಮ ಮಠನಿಯಮದ 53ನೇ ಅಧ್ಯಾಯದಲ್ಲಿ ವಿಧಿಸಿದ್ದಾರೆ. ಇದನ್ನು ನೆನಪಿಟ್ಟುಕೊಂಡವರು "ಹೋಟೆಲೇಕೆ ಸ್ವಾಮಿ, ಬೆಂಗಳೂರಿನ ಯಾವುದಾದರೂ ಕಾನ್ವೆಂಟಿನಲ್ಲಿ ಒಂದು ರಾತ್ರಿಗೆ ಹೇಳಿಕೊಡಿ" ಎಂದು ಕೇಳುವುದೂ ಉಂಟು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕಾನ್ವೆಂಟಿನ ಗೇಟು ರಾತ್ರಿ ಬೇಗನೆ ಮುಚ್ಚುತ್ತದೆ, ನಿಮ್ಮ ಟ್ಯಾಕ್ಸಿ ನಡುರಾತ್ರಿಯಲ್ಲಿ ಬಂದು ಹಾರ್ನ್ ಹೊಡೆಯುತ್ತದೆ, ಭಗಿನಿಯರು ಬೆಳಗಿನ ಜಾವ ಪ್ರಾರ್ಥನೆಗೆ ಏಳಬೇಕು. ಸಂತ ಬೆನೆಡಿಕ್ಟರ ಕಾಲದಲ್ಲಿ ಬೆಳಗಿನ ನಾಲ್ಕು ಗಂಟೆಯ ವಿಮಾನಗಳಿರಲಿಲ್ಲ.

ಈಗ 'ಹತ್ತಿರ' ಎಂಬ ಮಾತನ್ನು ವಿಚಾರಿಸೋಣ. 2008ರ ಮೇ ತಿಂಗಳವರೆಗೆ ಬೆಂಗಳೂರಿನ ಪ್ರಯಾಣಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ, ಅಂದರೆ ನಗರದೊಳಗಿನಿಂದಲೇ ಹಾರುತ್ತಿದ್ದವು. ಆ ತಿಂಗಳ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ಆರಂಭವಾಯಿತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರು ಬಂದಿತು. ನಿಲ್ದಾಣ ಹೋಯಿತು, ರಸ್ತೆಯ ಹೆಸರು ಹೋಗಲಿಲ್ಲ. ದೊಮ್ಮಲೂರು, ಮುರುಗೇಶಪಾಳ್ಯ, ಮಾರತಹಳ್ಳಿಗಳ ಕಡೆಯ ಆ ರಸ್ತೆಗೆ ಇಂದಿಗೂ 'ಹಳೆಯ ಏರ್‌ಪೋರ್ಟ್ ರಸ್ತೆ' ಎಂದೇ ಹೆಸರು. ನನಗೆ ಪರಿಚಿತವಾದ ಒಂದು ಕುಟುಂಬದವರು ವಿಳಾಸದಲ್ಲಿ 'ಏರ್‌ಪೋರ್ಟ್ ರಸ್ತೆ' ಎಂದಿರುವುದನ್ನು ನೋಡಿ ಮುಂಗಡ ಕಟ್ಟಿ ಅಲ್ಲಿಗೆ ಹೋಗಿ ಇಳಿದರು. ಅಲ್ಲಿಂದ ಹೊಸ ನಿಲ್ದಾಣಕ್ಕೆ ಸುಮಾರು 40 ಕಿಲೋಮೀಟರ್. ಆದುದರಿಂದ ಹೆಸರನ್ನೂ ರಸ್ತೆಯನ್ನೂ ನಂಬಬೇಡಿ, ಊರನ್ನು ಕೇಳಿ. ಯಲಹಂಕ, ಚಿಕ್ಕಜಾಲ, ಸಾದಹಳ್ಳಿ, ದೇವನಹಳ್ಳಿ ಈ ಹೆಸರುಗಳು ಬಂದರೆ ನೀವು ಸರಿಯಾದ ದಿಕ್ಕಿನಲ್ಲಿದ್ದೀರಿ. ಮೊಬೈಲಿನ ನಕ್ಷೆಯಲ್ಲಿ ನಿಲ್ದಾಣದ ಬೇಲಿಯ ಪಕ್ಕದಲ್ಲಿಯೇ ಇರುವಂತೆ ಕಾಣುವ ವಸತಿಗೃಹಗಳನ್ನೂ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಹಕ್ಕಿಗೆ ಅದು ಹತ್ತಿರ. ಕಾರು ಮಾತ್ರ ಓಡುದಾರಿಗಳನ್ನೆಲ್ಲ ಸುತ್ತಿಕೊಂಡು ಹೋಗಬೇಕು.

ಹಾಗಾದರೆ ನಗರದ ನಡುವೆಯೇ, ಮೆಜೆಸ್ಟಿಕ್ಕಿನಲ್ಲಿ ತಂಗಿದರಾಗದೇ ಎಂದು ನೀವು ಕೇಳಬಹುದು. ಖಂಡಿತ ಆಗುತ್ತದೆ. ಊರಿನ ಬಸ್ಸು, ರೈಲು ಬಂದು ನಿಲ್ಲುವುದು ಅಲ್ಲಿ. ಮಿತವಾದ ದರದ ಲಾಡ್ಜುಗಳಿರುವುದೂ ಅಲ್ಲಿ. ನಿಲ್ದಾಣಕ್ಕೆ ವಾಯುವಜ್ರ ಬಸ್ಸು ಹೊರಡುವುದೂ ಅಲ್ಲಿಂದಲೇ. ದೂರ ಸುಮಾರು 35 ಕಿಲೋಮೀಟರ್. ನಡುರಾತ್ರಿಯಲ್ಲಿ ಈ ದಾರಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಅದೇ ದಾರಿ ಸಂಜೆ ಆರು ಗಂಟೆಗೆ, ಅದರಲ್ಲಿಯೂ ಮಳೆ ಬಂದ ಸಂಜೆ, ಹೆಬ್ಬಾಳದ ಮೇಲ್ಸೇತುವೆಯ ಬಳಿ ನಮ್ಮ ತಾಳ್ಮೆಯನ್ನೆಲ್ಲ ಪರೀಕ್ಷಿಸುತ್ತದೆ. ಅಂದರೆ ವಿಮಾನ ಬೆಳಗಿನ ಜಾವದ್ದಾದರೆ ನಗರದ ವಾಸ್ತವ್ಯಕ್ಕೆ ಅಡ್ಡಿಯಿಲ್ಲ. ರಾತ್ರಿ ಒಂಬತ್ತು ಹತ್ತರದ್ದಾದರೆ ಮಧ್ಯಾಹ್ನವೇ ಹೆಬ್ಬಾಳವನ್ನು ದಾಟಿರುವುದು ಕ್ಷೇಮ. ಮೈಸೂರಿನವರಿಗಂತೂ ನಗರವನ್ನು ಹೊಕ್ಕು ಇಳಿಯದೆಯೇ ನೇರವಾಗಿ ನಿಲ್ದಾಣಕ್ಕೆ ಹೋಗುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ಮನೆಯವರೆಲ್ಲರೂ ಗಟ್ಟಿಮುಟ್ಟಾಗಿದ್ದರೆ ಅವರಿಗೆ ಹೋಟೆಲಿನ ಅಗತ್ಯವೇ ಇಲ್ಲದಿರಬಹುದು.

ದಿನಾಂಕದ ವಿಷಯದಲ್ಲಿ ಎಚ್ಚರವಿರಲಿ. ಕೊಲ್ಲಿ ರಾಷ್ಟ್ರಗಳ ಅನೇಕ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಟಿಕೆಟಿನಲ್ಲಿ ಇಪ್ಪತ್ತನೇ ತಾರೀಖು ಬೆಳಗಿನ ನಾಲ್ಕು ಗಂಟೆ ಎಂದಿದ್ದರೆ, ಒಂದು ಗಂಟೆಗೆ ನಿಲ್ದಾಣದಲ್ಲಿರಬೇಕು, ಹನ್ನೆರಡಕ್ಕೆ ಕೋಣೆಯಿಂದ ಹೊರಡಬೇಕು. ಅಂದರೆ ಕೋಣೆ ಬೇಕಾದದ್ದು ಹತ್ತೊಂಬತ್ತಕ್ಕೆ. ಇಪ್ಪತ್ತಕ್ಕೆ ಕೋಣೆ ಕಾದಿರಿಸಿದರೆ ಅದು ದೊರೆಯುವುದು ಆ ದಿನ ಮಧ್ಯಾಹ್ನ. ಅಷ್ಟರಲ್ಲಿ ಮಗಳು ದುಬೈಯಲ್ಲಿ ಊಟಕ್ಕೆ ಕುಳಿತಿರುತ್ತಾಳೆ. ದರ ಕೇಳುವಾಗ ತೆರಿಗೆಯೂ ಸೇರಿದೆಯೇ ಎಂದು ವಿಚಾರಿಸಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿಯವರೆಗಿನ ಕೋಣೆಗಳ ಮೇಲೆ ಶೇಕಡಾ 5, ಅದಕ್ಕಿಂತ ಹೆಚ್ಚಿನವುಗಳ ಮೇಲೆ ಶೇಕಡಾ 18 ತೆರಿಗೆಯಿದೆ. ಒಂದು ಕೋಣೆಯಲ್ಲಿ ಎಷ್ಟು ಜನರಿಗೆ ಅವಕಾಶ, ನಡುರಾತ್ರಿ ವಾಹನ ಸಿಗುವುದೇ, ಅಜ್ಜಿ ಬಂದಿದ್ದರೆ ಲಿಫ್ಟು ಇದೆಯೇ ಎಂಬುದನ್ನೂ ಮುಂಚಿತವಾಗಿಯೇ ಕೇಳಬೇಕು. ಎಲ್ಲರ ಗುರುತಿನ ಚೀಟಿಗಳೂ ಕೈಯಲ್ಲಿರಲಿ.

ಇಷ್ಟನ್ನು ಯಾರಾದರೂ ಹೇಳಿಯಾರು. ನಾನು ನಿಜವಾಗಿ ಹೇಳಬೇಕೆಂದಿರುವುದು ಬೇರೊಂದು ವಿಷಯ.

ನಡುರಾತ್ರಿ ಹನ್ನೆರಡಕ್ಕೆ ಕೋಣೆಯಿಂದ ಹೊರಡುವಾಗ ನಮ್ಮವರು ಬಹುತೇಕ ಕೋಣೆಯನ್ನು ಬಿಟ್ಟುಕೊಟ್ಟೇ ಹೊರಡುತ್ತಾರೆ. ಹೊರಡುವವಳು ಹೊರಟ ಮೇಲೆ ಕೋಣೆಯೇಕೆ ಎಂಬುದು ಅವರ ಲೆಕ್ಕ. ಕೆಲವರು ಇನ್ನೂ ಮುಂದೆ ಹೋಗಿ, ಗಂಟೆಗಳ ಲೆಕ್ಕದಲ್ಲಿ ಸಿಗುವ ಕೋಣೆಯನ್ನು ಹುಡುಕಿ ಹಣ ಉಳಿಸುತ್ತಾರೆ. ಒಬ್ಬಂಟಿಯಾಗಿ ಪ್ರಯಾಣ ಮಾಡುವವರಿಗೆ ಅದು ಒಳ್ಳೆಯ ಉಪಾಯವೇ. ಆದರೆ ಕಳುಹಿಸಿಕೊಡಲು ಬಂದವರ ಗತಿಯೇನು? ಟಿಕೆಟಿಲ್ಲದವರಿಗೆ ಬಾಗಿಲ ಒಳಗೆ ಪ್ರವೇಶವಿಲ್ಲ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್ಲಿನಿಂದ. ಬಿದಿರಿನ ಅಲಂಕಾರ, ತೂಗುವ ಹಸಿರು ಬಳ್ಳಿಗಳಿಂದ ಅದು ಬಹಳ ಸುಂದರವಾಗಿದೆ. ಅದರ ಹೊರಗೆ ಬೆಳಗಿನ ಎರಡು ಗಂಟೆಯ ಹೊತ್ತಿಗೆ ನಾನು ಅನೇಕ ತಂದೆತಾಯಂದಿರನ್ನು ಕಂಡಿದ್ದೇನೆ. ತಾಯಿ ಸೆರಗಿನಿಂದ ಕಿವಿ ಮುಚ್ಚಿಕೊಂಡು ಕುಳಿತಿರುತ್ತಾಳೆ. ತಂದೆ ಖಾಲಿಯಾದ ಟ್ರಾಲಿಯನ್ನು ಹಿಡಿದುಕೊಂಡು ನಿಂತೇ ಇರುತ್ತಾನೆ, ಯಾರೋ ಅದನ್ನು ಇನ್ನೂ ಕೇಳಿಯಾರು ಎಂಬಂತೆ. ಮಗಳಿಗೆ ಒಳಗೆ ಒಂದು ಆಸನವಿದೆ, ಸೀಟಿನ ಸಂಖ್ಯೆಯಿದೆ. ಇವರಿಗೆ ಊರಿನ ಬಸ್ಸು ಹೊರಡುವವರೆಗೆ ಏನೂ ಇಲ್ಲ.

ಸಂತ ಲೂಕರ ಶುಭಸಂದೇಶದಲ್ಲಿ ಒಬ್ಬ ಛತ್ರದ ಯಜಮಾನನಿದ್ದಾನೆ. ಕ್ರಿಸ್ಮಸ್ ನಾಟಕಗಳಲ್ಲಿ ಮರಿಯಮ್ಮ ಜೋಸೆಫರ ಮುಖಕ್ಕೆ ಬಾಗಿಲು ಮುಚ್ಚುವವನು ಅವನೆಂದು ತಿಳಿಯಬೇಡಿ. ಎರಡನೇ ಅಧ್ಯಾಯವನ್ನು ಓದಿನೋಡಿ, ಅಲ್ಲಿ ಸ್ಥಳವಿಲ್ಲದ ಸಂಗತಿ ಇದೆಯೇ ಹೊರತು ಅಂಥ ಯಜಮಾನನೇ ಇಲ್ಲ. ಪ್ರತಿ ಡಿಸೆಂಬರಿನಲ್ಲಿ ನಾವು ಅವನನ್ನು ಬೈಯುತ್ತಿರುವುದು ವ್ಯರ್ಥ. ನಿಜವಾದ ಯಜಮಾನ ಸಿಗುವುದು ಹತ್ತನೇ ಅಧ್ಯಾಯದಲ್ಲಿ, ಗಾಯಾಳುವನ್ನು ಕರೆತಂದ ಸಮಾರ್ಯದವನ ಕಥೆಯಲ್ಲಿ. ಲೂಕರು ಅಲ್ಲಿ ಛತ್ರಕ್ಕೆ ಬಳಸಿರುವ ಗ್ರೀಕ್ ಪದಕ್ಕೆ 'ಎಲ್ಲರನ್ನೂ ಬರಮಾಡಿಕೊಳ್ಳುವ ಸ್ಥಳ' ಎಂದು ಅರ್ಥ. ಈ ಕಥೆಯನ್ನು ನಾವು ನೂರು ಸಲ ಕೇಳಿದ್ದರೂ ಒಂದು ಸಣ್ಣ ವಿವರ ತಪ್ಪಿಹೋಗುತ್ತದೆ. ಸಮಾರ್ಯದವನು ಹಣ ಕೊಡುವುದು ಮಾರನೆಯ ದಿನ, ತಾನು ಹೊರಡುವಾಗ. ಆ ರಾತ್ರಿಯನ್ನು ಅವನು ಅಲ್ಲಿಯೇ ಕಳೆದಿದ್ದಾನೆ. ಎರಡು ದಿನಾರಿಗಳನ್ನು ಅವನು ಎಣಿಸಿ ಕೊಟ್ಟದ್ದು ತನ್ನ ಮುಂದಿನ ಅನುಕೂಲಕ್ಕಲ್ಲ. ತಾನು ಹೋದ ಮೇಲೆ ಅಲ್ಲಿ ಉಳಿಯುವವನಿಗಾಗಿ. ದ್ರಾಕ್ಷಿ ತೋಟದ ಸಾಮತಿಯಲ್ಲಿ ಒಂದು ದಿನಾರಿ ಒಂದು ದಿನದ ಕೂಲಿ. ಅಂದರೆ ಇದು ಎರಡು ದಿನದ ದುಡಿಮೆ. ನನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ಬಂದ ಉತ್ತರ ಇದು. ನೆರೆ ಎಂದರೆ ಹತ್ತಿರ ಎಂದೇ ಅಲ್ಲವೇ?

ಹೀಗಾಗಿ ಈಗ ನನ್ನನ್ನು ಕೇಳುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ: ಮಗಳು ಒಳಗೆ ಹೋದ ಮೇಲೆ ನೀವಿಬ್ಬರೂ ಎಲ್ಲಿಗೆ ಹೋಗುತ್ತೀರಿ? ಆ ಕೋಣೆಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಿ ಎಂದು ಹೇಳುತ್ತೇನೆ. ಇಡೀ ದಿನದ ಬಾಡಿಗೆಯನ್ನು ಹೇಗೂ ಕೊಟ್ಟಿರುತ್ತೀರಿ; ಅದನ್ನು ನಡುರಾತ್ರಿಯಲ್ಲಿ ಬಿಟ್ಟುಕೊಡುವುದರಿಂದ ಉಳಿತಾಯವೇನೂ ಇಲ್ಲ. ನಿಲ್ದಾಣದಿಂದ ನಡುರಾತ್ರಿಯಲ್ಲಿ ಇಬ್ಬರು ವಯಸ್ಸಾದವರು ಸುಲಭವಾಗಿ ಹಿಂತಿರುಗಬಹುದಾದಷ್ಟು ಸಮೀಪದಲ್ಲಿ ಅದು ಇರಬೇಕು. 'ಹತ್ತಿರ' ಎಂಬುದನ್ನು ಅಳೆಯಬೇಕಾದದ್ದು ಹೋಗುವ ದಾರಿಯಿಂದಲ್ಲ, ಮರಳುವ ದಾರಿಯಿಂದ. ಇದಕ್ಕಾಗಿ ಮೆಜೆಸ್ಟಿಕ್ಕಿನ ಅಗ್ಗದ ಕೋಣೆಯನ್ನು ಬಿಟ್ಟು ಸಾದಹಳ್ಳಿಯಲ್ಲೋ ದೇವನಹಳ್ಳಿ ಪೇಟೆಯಲ್ಲೋ ಸ್ವಲ್ಪ ಹೆಚ್ಚು ತೆತ್ತರೂ ಅದು ದುಂದಲ್ಲ. ಈ ಖರ್ಚನ್ನು ತಂದೆತಾಯಿ ತಾವಾಗಿ ಮಾಡಲಾರರು. ಹೊರಡುವ ಮಕ್ಕಳೇ, ಇದನ್ನು ನೀವು ಮಾಡಬೇಕು. ಟಿಕೆಟಿಗೆ, ಹೊಸ ಪೆಟ್ಟಿಗೆಗೆ, ಏಜೆಂಟನಿಗೆ ಕೊಟ್ಟ ಹಣದ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಆ ಕೋಣೆಯಿಂದ ಇನ್ನೊಂದು ಉಪಕಾರವೂ ಇದೆ. ನಿಲ್ದಾಣದ ಬಾಗಿಲಲ್ಲಿ ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಿರುತ್ತಾನೆ, ಪೆಟ್ಟಿಗೆ ಇಳಿಸುವುದರಲ್ಲಿಯೇ ಬೀಳ್ಕೊಡುಗೆ ಮುಗಿದುಹೋಗುತ್ತದೆ. ಹೇಳಬೇಕಾದದ್ದನ್ನು ಕೋಣೆಯಲ್ಲಿಯೇ ಹೇಳಿ. ಟಿ.ವಿ. ಆರಿಸಿ, ಮೊಣಕಾಲೂರಿ ಒಂದು ಜಪಸರವನ್ನು ಪ್ರಾರ್ಥಿಸಿ. ಅದರ ಕೊನೆಯಲ್ಲಿ ನಾವು ಹೇಳುವ ದೇವಮಾತೆಯ ಪ್ರಾರ್ಥನಾಮಾಲೆಗೆ ಲೊರೆಟ್ಟೊ ಎಂಬ ಊರಿನ ಹೆಸರಿದೆ. ನಜರೇತಿನ ಪವಿತ್ರ ಮನೆಯನ್ನು ದೇವದೂತರು ಆಕಾಶಮಾರ್ಗವಾಗಿ ಹೊತ್ತು ಅಲ್ಲಿಗೆ ತಂದರೆಂಬುದು ಭಕ್ತರ ಪರಂಪರಾಗತ ನಂಬಿಕೆ. ಆ ಕಾರಣದಿಂದಲೇ 1920ರಲ್ಲಿ ಜಗದ್ಗುರು ಹದಿನೈದನೇ ಬೆನೆಡಿಕ್ಟರು ಲೊರೆಟ್ಟೊ ಮಾತೆಯನ್ನು ವಿಮಾನಯಾನಿಗಳ ಪಾಲಕಿಯೆಂದು ಸಾರಿದರು. 2020ರ ಜೂನ್‌ನಲ್ಲಿ ಜಗದ್ಗುರು ಫ್ರಾನ್ಸಿಸರು ಅದೇ ಪ್ರಾರ್ಥನಾಮಾಲೆಗೆ ಸೇರಿಸಿದ ಮೂರು ಬಿರುದುಗಳಲ್ಲಿ ಒಂದು, ವಲಸಿಗರಿಗೆ ಮಾತೆಯು ಸಾಂತ್ವನವೆಂಬುದು. ನಮ್ಮ ಹಳೆಯ ಪ್ರಾರ್ಥನಾ ಪುಸ್ತಕಗಳಲ್ಲಿ ಅದು ಇರುವುದಿಲ್ಲ, ಪೆನ್ಸಿಲಿನಿಂದ ಬರೆದುಕೊಳ್ಳಿ. ಪ್ರಾರ್ಥನೆ ಮುಗಿದ ಮೇಲೆ ತಂದೆ ಮಗಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಲಿ. ಎರಡು ವರ್ಷದ ಕರಾರಿನ ಮೇಲೆ ಹೋದವರಿಗೆ ಆ ರಾತ್ರಿಯೇ ತಂದೆಯೊಂದಿಗಿನ ಕೊನೆಯ ರಾತ್ರಿಯಾದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇವೆ. ಅಂಥ ಒಂದು ಮನೆಯ ಮಗ, ಅಪ್ಪ ಆ ಕೋಣೆಯಲ್ಲಿ ತನ್ನ ಷೂಗಳಿಗೆ ಪಾಲಿಶ್ ಹಾಕಿಕೊಟ್ಟದ್ದನ್ನು ನನಗೆ ಎರಡು ಸಲ ಹೇಳಿದ್ದಾನೆ.

ನಾಲ್ಕು ಗಂಟೆಗೆ ಹಾರಿದ ವಿಮಾನಕ್ಕೆ ದುಬೈ ತಲುಪಲು ಸುಮಾರು ನಾಲ್ಕು ಗಂಟೆ ಬೇಕು. ಅದು ಅಲ್ಲಿ ಇಳಿಯುವಾಗ ನಮ್ಮಲ್ಲಿ ಬೆಳಗಿನ ಎಂಟು. ಆ ಹೊತ್ತಿಗೆ ತಂದೆತಾಯಿ ಒಂದಿಷ್ಟು ಮಲಗಿ ಎದ್ದು, ಸ್ನಾನ ಮಾಡಿ, ಕೆಳಗಿನ ಹೋಟೆಲಿನಲ್ಲಿ ಇಡ್ಲಿ ತರಿಸಿಕೊಂಡು ಕುಳಿತಿರಬೇಕು, ಮೊಬೈಲು ಚಾರ್ಜಾಗಿ ತಟ್ಟೆಯ ಪಕ್ಕದಲ್ಲಿರಬೇಕು.