ಚದುರಿದವರ ಲೆಕ್ಕ

2017ರ ಫೆಬ್ರವರಿಯಲ್ಲಿ ಮುಂಬಯಿ ಮಹಾನಗರ ಪಾಲಿಕೆಯ ಮತ ಎಣಿಕೆ ನಡೆದಾಗ ದಕ್ಷಿಣ ಮುಂಬಯಿಯ 220ನೆಯ ವಾರ್ಡಿನಲ್ಲಿ ಶಿವಸೇನೆಯ ಸುರೇಂದ್ರ ಬಾಗಲ್ಕರ್ ಅವರಿಗೂ ಭಾರತೀಯ ಜನತಾ ಪಕ್ಷದ ಅತುಲ್ ಶಾ ಅವರಿಗೂ ತಲಾ 5,946 ಮತಗಳು ಬಂದವು. ಕೊನೆಗೆ ಚೀಟಿ ಎತ್ತಿ ತೀರ್ಮಾನಿಸಲಾಯಿತು, ಶಾ ಗೆದ್ದರು. ಒಟ್ಟು 227 ಸ್ಥಾನಗಳಲ್ಲಿ ಶಿವಸೇನೆಗೆ 84, ಭಾಜಪಕ್ಕೆ 82. ಬಹುಮತಕ್ಕೆ ಬೇಕಾದದ್ದು 114. ಆ ವಾರವೆಲ್ಲ ಗೋರೆಗಾಂವಿನ ಲೋಕಲ್ ಗಾಡಿಗಳಲ್ಲಿ ನಡೆದ ಚರ್ಚೆ ಮಹಾಪೌರರು ಯಾರಾಗುವರು ಎಂಬುದೊಂದೇ. ಪಾಲಿಕೆಯ ಹಣ ಎಲ್ಲಿಗೆ ಹೋಗುವುದು, ಎಲ್ಲಿಂದ ಕಡಿತವಾಗುವುದು ಎಂದು ಕೇಳಿದವರು ನಮಗಂತೂ ಸಿಗಲಿಲ್ಲ.

ಅಂಥದೇ ಅತಂತ್ರ ಫಲಿತಾಂಶ ಬ್ರಿಟನ್ನಿನಲ್ಲಿ ಬಂದದ್ದು 2010ರ ಮೇ 6ರಂದು. 650 ಸ್ಥಾನಗಳ ಸಂಸತ್ತಿನಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ 306, ಲೇಬರ್ ಪಕ್ಷಕ್ಕೆ 258. ಲಿಬರಲ್ ಡೆಮಾಕ್ರಾಟರು ನೂರಕ್ಕೆ 23ರಷ್ಟು ಮತ ಪಡೆದೂ 57 ಸ್ಥಾನಗಳಿಗೆ ತೃಪ್ತರಾಗಬೇಕಾಯಿತು. ಐದು ದಿನಗಳ ಮಾತುಕತೆಯ ಬಳಿಕ ಡೇವಿಡ್ ಕ್ಯಾಮೆರಾನ್ ಮತ್ತು ನಿಕ್ ಕ್ಲೆಗ್ ಕೈ ಕುಲುಕಿದರು. ಆ ಒಪ್ಪಂದದಲ್ಲಿ ಎರಡು ಮುಖ್ಯ ಎಳೆಗಳಿದ್ದವು: ಸರಕಾರದ ಖರ್ಚನ್ನು ಕಡಿತಗೊಳಿಸುವುದು, ಚುನಾವಣಾ ಪದ್ಧತಿಯನ್ನು ಸುಧಾರಿಸುವುದು. ಮೊದಲನೆಯದು ದೊಡ್ಡ ಪಕ್ಷದ ಹಟ, ಎರಡನೆಯದು ಚಿಕ್ಕ ಪಕ್ಷದ ಆಸೆ.

ಹಟವೇ ಗೆದ್ದಿತು. ಅದೇ ಅಕ್ಟೋಬರಿನಲ್ಲಿ ಅರ್ಥಸಚಿವ ಜಾರ್ಜ್ ಆಸ್ಬರ್ನ್ ನಾಲ್ಕು ವರ್ಷಗಳಲ್ಲಿ 81 ಶತಕೋಟಿ ಪೌಂಡುಗಳ ಕಡಿತವನ್ನು ಘೋಷಿಸಿದರು. ಸುಮಾರು 4,90,000 ಸರಕಾರಿ ಹುದ್ದೆಗಳು ಹೋಗಲಿವೆ ಎಂಬ ಅಂದಾಜೂ ಅದರ ಜೊತೆಗೇ ಬಂದಿತು. ವಿದ್ಯಾರ್ಥಿಗಳ ಶುಲ್ಕ ಏರಿಸಲು ಬಿಡೆವು ಎಂದು ಸಹಿ ಹಾಕಿದ್ದ ಲಿಬರಲ್ ಡೆಮಾಕ್ರಾಟರು ಅದರ ಮಿತಿಯನ್ನು 9,000 ಪೌಂಡುಗಳಿಗೆ ಏರಿಸುವ ಸರಕಾರದಲ್ಲಿ ಕುಳಿತರು. ಸುಧಾರಣೆಯ ಗತಿ ಏನಾಯಿತು? 2011ರ ಮೇ 5ರ ಜನಮತ ಸಂಗ್ರಹದಲ್ಲಿ ನೂರಕ್ಕೆ 68ರಷ್ಟು ಮಂದಿ ಬೇಡವೆಂದರು. ಕೇಳಿದ ಪ್ರಶ್ನೆಯೂ ಅರ್ಧಮನಸ್ಸಿನದೇ. ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಬರೆಯುವ ಆ ಪದ್ಧತಿಯಲ್ಲೂ ಕ್ಷೇತ್ರಕ್ಕೊಬ್ಬನೇ ಗೆಲ್ಲುವುದು. ಮತಕ್ಕೆ ತಕ್ಕ ಪಾಲು ಸಿಗುವ ಭರವಸೆ ಅದರಲ್ಲಿರಲಿಲ್ಲ. 2015ರಲ್ಲಿ ಕ್ಲೆಗ್ ಅವರ ಪಕ್ಷ ಎಂಟು ಸ್ಥಾನಗಳಿಗೆ ಇಳಿಯಿತು.

ಇಂಗ್ಲಿಷ್ ಸಾಹಿತ್ಯವನ್ನು ಪರೀಕ್ಷೆಗಾಗಿ ಓದಿದ ನಮ್ಮಂಥವರಿಗೆ ಈ ಜೋಡಿ ಹೊಸತಲ್ಲ. ಜಾರ್ಜ್ ಎಲಿಯಟ್ಟಳ ‘ಮಿಡ್ಲ್‌ಮಾರ್ಚ್’ ಕಾದಂಬರಿಯ ಬ್ರೂಕ್ ಮಹಾಶಯರು 1832ರ ಸುಧಾರಣಾ ಕಾಯಿದೆಯ ಮುನ್ನಾದಿನಗಳಲ್ಲಿ ಸುಧಾರಕರಾಗಿ ಚುನಾವಣೆಗೆ ನಿಲ್ಲಹೊರಟವರು. ಅದೇ ವೇಳೆಗೆ ಅವರ ಒಕ್ಕಲುಗಳ ಮನೆಗಳು ದುರಸ್ತಿ ಕಾಣದೆ ಕುಸಿಯುತ್ತಿವೆ. ಎದುರು ಪಕ್ಷದ ಪತ್ರಿಕೆ ಅದನ್ನೇ ಎತ್ತಿ ಆಡುತ್ತದೆ. ಸುಧಾರಣೆಯ ಭಾಷಣಕ್ಕೆ ಕಾಸು ಬೇಡ, ಹೆಂಚು ಹೊದಿಸಲು ಬೇಕು. ಎಲಿಯಟ್ಟಳು ಇದನ್ನು ನಗುತ್ತಲೇ ಹೇಳುತ್ತಾಳೆ.

ನಮ್ಮಲ್ಲಿ ಕಡಿತಕ್ಕೆ ಅತಂತ್ರ ಫಲಿತಾಂಶದ ಅಗತ್ಯವೂ ಬೀಳುವುದಿಲ್ಲ. ಕೇಂದ್ರ ಸರಕಾರಿ ಕಚೇರಿಗಳಲ್ಲಿ ದುಡಿಯುವ ನಾವು ಇದನ್ನು ಸುತ್ತೋಲೆಗಳ ಮೂಲಕವೇ ಕಲಿತವರು. 2001ರ ಮೇ ತಿಂಗಳಲ್ಲಿ ವಾಜಪೇಯಿಯವರ ಸರಕಾರ ಒಂದು ಆಜ್ಞೆ ಹೊರಡಿಸಿತು: ನೇರ ನೇಮಕಾತಿಯ ಖಾಲಿ ಹುದ್ದೆಗಳಲ್ಲಿ ಮೂರನೆಯ ಒಂದು ಪಾಲನ್ನು ಮಾತ್ರ ತುಂಬಬೇಕು, ಅದೂ ಮಂಜೂರಾದ ಒಟ್ಟು ಬಲದ ನೂರಕ್ಕೆ ಒಂದನ್ನು ಮೀರದಂತೆ. ಐದು ವರ್ಷಕ್ಕೆಂದು ಬಂದದ್ದು 2009ರ ಮಾರ್ಚ್ ತನಕ ಎಳೆಯಿತು. ನಡುವೆ 2004ರಲ್ಲಿ ದಿಲ್ಲಿಯ ಸರಕಾರವೇ ಬದಲಾಯಿತು, ಆಜ್ಞೆ ಬದಲಾಗಲಿಲ್ಲ. ನಿವೃತ್ತರಾದವರ ಕುರ್ಚಿಯ ಮೇಲೆ ಕಡತಗಳ ಕಟ್ಟು ಕೂರುವುದು, ಮೂವರ ಕೆಲಸ ಒಬ್ಬರ ಮೇಜಿಗೆ ಬರುವುದು, ಕೌಂಟರಿನ ಮುಂದಿನ ಸರದಿ ಉದ್ದವಾಗುವುದು, ಸರದಿಯಲ್ಲಿ ನಿಂತವರು ‘ಸರಕಾರಿ ನೌಕರರು ಸೋಮಾರಿಗಳು’ ಎಂದು ಗೊಣಗುವುದು, ಇವೆಲ್ಲ ಆ ಒಂದು ಹಾಳೆಯ ಮಕ್ಕಳು. ಮತದಾರನ ಕೋಪ ಕೌಂಟರಿನಾಚೆ ಕುಳಿತವನ ಮೇಲೆ ಬೀಳುತ್ತದೆ. ಸಹಿ ಹಾಕಿದವರ ವಿಳಾಸ ಅವನಿಗೆ ಸಿಗುವುದಿಲ್ಲ. 2020ರಲ್ಲಿ ಕೊರೋನಾ ಕಾಲದ ತುಟ್ಟಿಭತ್ಯೆಯ ಮೂರು ಕಂತುಗಳನ್ನು ತಡೆಹಿಡಿದರು. 2021ರ ಜುಲೈಯಲ್ಲಿ ದರವನ್ನು ನೂರಕ್ಕೆ 17ರಿಂದ 28ಕ್ಕೆ ಏರಿಸಿದರಾದರೂ ಹದಿನೆಂಟು ತಿಂಗಳ ಬಾಕಿಯನ್ನು ಕೊಡಲಿಲ್ಲ. ಆಸ್ಪತ್ರೆಗಳಲ್ಲಿ ಜನ ಉಸಿರಿಗಾಗಿ ಪರದಾಡುತ್ತಿದ್ದ ದಿನಗಳವು. ಆಗ ಅದನ್ನು ದೊಡ್ಡ ದುಃಖವೆಂದು ಹೇಳಿಕೊಳ್ಳಲು ನಾಲಗೆ ಬರುತ್ತಿರಲಿಲ್ಲ.

ಹಾಗಾದರೆ ಯಾರ ಪಾಲಿಗೆ ಕಡಿತ ಬೀಳುತ್ತದೆ, ಯಾರ ಪಾಲಿಗೆ ಬೀಳುವುದಿಲ್ಲ? ಗೋರೆಗಾಂವಿನಲ್ಲಿ ಬದುಕುವವರಿಗೆ ಉತ್ತರದ ಒಂದು ಅರ್ಧವನ್ನು ಕೊಟ್ಟವರು ಮೃಣಾಲ್ ಗೋರೆ. 1961ರಲ್ಲಿ ಪಾಲಿಕೆಗೆ, 1972ರಲ್ಲಿ ವಿಧಾನಸಭೆಗೆ, 1977ರಲ್ಲಿ ಲೋಕಸಭೆಗೆ ಆರಿಸಿಹೋದ ಸಮಾಜವಾದಿ ನಾಯಕಿ. ಉಪನಗರದ ನಲ್ಲಿಗಳಿಗೆ ನೀರು ಬರುವಂತೆ ಹೋರಾಡಿ ‘ಪಾನಿವಾಲಿ ಬಾಯಿ’ ಎನಿಸಿಕೊಂಡರು. ಎಪ್ಪತ್ತರ ದಶಕದ ಬೆಲೆಯೇರಿಕೆಯ ವಿರುದ್ಧ ಹೆಂಗಸರು ಲಟ್ಟಣಿಗೆ ಹಿಡಿದು ತಟ್ಟೆ ಬಡಿಯುತ್ತ ಬೀದಿಗಿಳಿದಾಗ ಮುಂದೆ ನಿಂತವರಲ್ಲಿ ಅವರೂ ಒಬ್ಬರು. ಅವರ ನಿಷ್ಠೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಗೆಲುವಿನಲ್ಲಿ ಭೂಗೋಳದ ಪಾಲೂ ಇದೆ. ಬಾಯಾರಿದವರೆಲ್ಲ ಒಂದೇ ಕಡೆ ಒತ್ತೊತ್ತಾಗಿ ನೆಲಸಿದ್ದರು. ಒಂದು ವಾರ್ಡಿನ ಅರ್ಧಕ್ಕೂ ಹೆಚ್ಚು ಮನೆಗಳಲ್ಲಿ ಕೊಡ ಖಾಲಿಯಿದ್ದರೆ ಕ್ಷೇತ್ರಕ್ಕೊಬ್ಬನ ಪದ್ಧತಿಯಲ್ಲಿ ಆ ಖಾಲಿ ಕೊಡ ಬಹುಮತವಾಗುತ್ತದೆ.

ಮುಂಬಯಿಯ ಕನ್ನಡಿಗರ ಸ್ಥಿತಿ ಇದಕ್ಕೆ ತಿರುವುಮುರುವು. ಕರಾವಳಿಯಿಂದ ಹೋಟೆಲು ಹುಡುಕಿ ಬಂದವರು, ಕಲಬುರಗಿ ವಿಜಯಪುರಗಳಿಂದ ಕಟ್ಟಡದ ಕೆಲಸಕ್ಕೆ ಬಂದವರು, ನಮ್ಮಂತೆ ವರ್ಗವಾಗಿ ಬಂದು ಬೇರೂರಿದವರು, ಎಲ್ಲರೂ ಚರ್ಚ್‌ಗೇಟಿನಿಂದ ವಿರಾರಿನ ತನಕ, ಆಚೆ ಕಲ್ಯಾಣ ಡೊಂಬಿವಲಿಗಳ ತನಕ ಹರಡಿಕೊಂಡಿದ್ದೇವೆ. ಕೂಡಿಸಿದರೆ ದೊಡ್ಡ ಸಂಖ್ಯೆಯೇ. ವಾರ್ಡುವಾರು ಭಾಗಿಸಿದರೆ ಎಲ್ಲೂ ಲೆಕ್ಕಕ್ಕೆ ಬಾರದವರು. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತ ಬಂದಿದೆ, ಕನ್ನಡವೂ ಒಂದು. ದೇಶದಲ್ಲಿ ಇಂಥ ಔದಾರ್ಯ ತೋರಿದ ನಗರಸಭೆಗಳು ಹೆಚ್ಚಿಲ್ಲ. ಆದರೂ ಕನ್ನಡ ಮಾಧ್ಯಮದ ತರಗತಿಗಳು ದಶಕದಿಂದ ದಶಕಕ್ಕೆ ಕ್ಷೀಣಿಸಿವೆ. ಕನ್ನಡಿಗರೇ ಇಂಗ್ಲಿಷ್ ಮಾಧ್ಯಮವನ್ನು ಆರಿಸಿಕೊಂಡರಲ್ಲ ಎಂಬ ಮಾತು ಸುಳ್ಳಲ್ಲ. ಆರಿಸಿಕೊಳ್ಳುವ ಶಕ್ತಿಯಿದ್ದವರು ಹಾಗೆ ಮಾಡಿದರು. ಉಳಿದವರು ಕೂಲಿಕಾರರ ಮಕ್ಕಳು. ಒಬ್ಬ ಶಿಕ್ಷಕ ನಿವೃತ್ತನಾದರೆ ಬದಲಿಯವನು ಬಾರದಿದ್ದಾಗ ಎರಡು ತರಗತಿಗಳನ್ನು ಕೂಡಿಸಬೇಕಾಗುತ್ತದೆ. ಬೇಸತ್ತ ತಾಯಿತಂದೆ ಮಗುವನ್ನು ಬೇರೆಡೆಗೆ ಸೇರಿಸುತ್ತಾರೆ. ಸಂಖ್ಯೆ ಇಳಿಯುತ್ತದೆ. ಇಳಿದ ಸಂಖ್ಯೆಯೇ ಮುಂದಿನ ಶಿಕ್ಷಕನನ್ನು ನೇಮಿಸದಿರಲು ಕಾರಣವಾಗುತ್ತದೆ. ಇದಕ್ಕೆ ಆಸ್ಬರ್ನರಂತೆ ಯಾರೂ ಎದ್ದು ನಿಂತು ಘೋಷಣೆ ಮಾಡಬೇಕಾಗಿಲ್ಲ. ಇದನ್ನು ಪ್ರಶ್ನಿಸಿದರೆ ಮತ ಹೆಚ್ಚುವಂಥ ನಗರಸೇವಕನೂ 227ರಲ್ಲಿ ಒಬ್ಬನಿಲ್ಲ.

ಊರಿನಲ್ಲೂ ಈ ಪದ್ಧತಿಯ ತಮಾಷೆಯನ್ನು ಕಂಡಿದ್ದೇವೆ. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ನೂರಕ್ಕೆ ಸುಮಾರು 38 ಮತ ಪಡೆದ ಕಾಂಗ್ರೆಸ್ಸು ಎರಡನೆಯದಾಯಿತು, 36 ಪಡೆದ ಭಾಜಪ 104 ಸ್ಥಾನಗಳೊಡನೆ ಮೊದಲನೆಯದಾಯಿತು. ಮತ ಹೇಗೆ ಹರಡಿತ್ತು ಎಂಬುದೇ ಗೆಲುವನ್ನು ನಿರ್ಧರಿಸಿತು.

ಬೇರೆ ದಾರಿ ಇದೇ ನೆಲದಲ್ಲಿತ್ತು ಎಂಬುದು ಮರೆತುಹೋಗಿದೆ. 1937ರ ಚುನಾವಣೆಯಲ್ಲಿ ಮುಂಬಯಿ ಪ್ರಾಂತದ ಬಹುಸದಸ್ಯ ಕ್ಷೇತ್ರಗಳಲ್ಲಿ ಮತದಾರನು ತನಗಿದ್ದ ಮತಗಳನ್ನೆಲ್ಲ ಒಬ್ಬನೇ ಅಭ್ಯರ್ಥಿಗೆ ಸುರಿಯಬಹುದಿತ್ತು. ಅಲ್ಪಸಂಖ್ಯಾತರು ಕೂಡಿ ಮತ ಹಾಕಿದರೆ ಒಬ್ಬನನ್ನಾದರೂ ಒಳಗೆ ಕಳಿಸಬಹುದಿತ್ತು. ಅಂಬೇಡ್ಕರರು ಈ ಪದ್ಧತಿಯ ಪರವಾಗಿದ್ದರು. 1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯದ ಸೂಚನೆ ಬಂದಾಗ ಅದನ್ನು ಒಪ್ಪದವರೂ ಅವರೇ. ಅಕ್ಷರಸ್ಥರು ಕಡಿಮೆಯಿರುವ ದೇಶಕ್ಕೆ ಅದು ತೊಡಕು, ಸರಕಾರಗಳೂ ಸ್ಥಿರವಾಗಿ ನಿಲ್ಲಲಾರವು ಎಂಬುದು ಅವರ ವಾದ. ಆ ದಿನಕ್ಕೆ ಅದು ಸಮಂಜಸವಾಗಿತ್ತೆಂದೇ ನಮ್ಮ ಅಭಿಪ್ರಾಯ. ಮುಂದೆ 1952ರಲ್ಲಿ ಉತ್ತರ ಮುಂಬಯಿಯ ದ್ವಿಸದಸ್ಯ ಕ್ಷೇತ್ರದಲ್ಲಿ ಮತದಾರನು ತನ್ನ ಎರಡು ಮತಗಳನ್ನೂ ಒಬ್ಬನಿಗೆ ಹಾಕುವಂತಿರಲಿಲ್ಲ. ಅಲ್ಲಿ ಅಂಬೇಡ್ಕರರು ಸೋತರು.

ಇಂದು ನಮಗೆ ಸಿಗುವ ಸುಧಾರಣೆಯೆಂದರೆ ಗಡಿಗೆರೆ ತಿದ್ದುವುದು. ಒಂದು ಸರಕಾರ 227 ವಾರ್ಡುಗಳನ್ನು 236 ಮಾಡಿತು. 2022ರಲ್ಲಿ ಬಂದ ಮತ್ತೊಂದು ಸರಕಾರ ಅದನ್ನು ಮರಳಿ 227ಕ್ಕೆ ಇಳಿಸಿತು. ಆ ವರ್ಷದ ಮಾರ್ಚ್‌ನಿಂದ ಹತ್ತಿರ ಹತ್ತಿರ ನಾಲ್ಕು ವರ್ಷ ಒಬ್ಬ ನಗರಸೇವಕನೂ ಇಲ್ಲದೆ ಆಡಳಿತಾಧಿಕಾರಿಯೇ ಮುಂಗಡಪತ್ರ ಮಂಡಿಸಿ, ತಾನೇ ಮಂಜೂರು ಮಾಡಿದ್ದನ್ನೂ ನೋಡಿದೆವು. 2025ರ ಮೇ ತಿಂಗಳಲ್ಲಿ ಬೆಸ್ಟ್ ಬಸ್ಸಿನ ಕನಿಷ್ಠ ದರ ಐದು ರೂಪಾಯಿಯಿಂದ ಹತ್ತಕ್ಕೆ ಏರಿತು. ಅದನ್ನು ಕುರಿತು ಕೂಗಾಡಲು ಸಭೆಯೇ ಇರಲಿಲ್ಲ.

ಮುಂಬಯಿಯನ್ನು ಬಿಟ್ಟು ಮಹಾರಾಷ್ಟ್ರದ ಉಳಿದ ಮಹಾನಗರಪಾಲಿಕೆಗಳಲ್ಲಿ 2017ರಲ್ಲೇ ನಾಲ್ವರು ಸದಸ್ಯರ ವಾರ್ಡುಗಳು ಬಂದವು. ಠಾಣೆಯ ನಮ್ಮ ನೆಂಟರು ಅಂದು ನಾಲ್ಕು ಗುಂಡಿ ಒತ್ತಿ ಬಂದು ಅದನ್ನೊಂದು ಸೋಜಿಗವೆಂಬಂತೆ ವರ್ಣಿಸಿದರು. ಒಂದೊಂದು ಸ್ಥಾನಕ್ಕೂ ಬೇರೆ ಬೇರೆ ಮತವಾದ್ದರಿಂದ ಹೆಚ್ಚು ಬಲವಿದ್ದವರೇ ನಾಲ್ಕನ್ನೂ ಬಾಚಿಕೊಳ್ಳಬಹುದು. ನಾಲ್ಕೂ ಮತಗಳನ್ನು ಒಬ್ಬನಿಗೇ ಕೊಡಬಹುದಾಗಿದ್ದರೆ ಯಾರಿಗೆ ಕೊಡುತ್ತಿದ್ದಿರಿ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, ಅಂಥವನೊಬ್ಬ ಇನ್ನೂ ನಿಂತೇ ಇಲ್ಲವಲ್ಲ ಎಂದರು.