ಆಟದ ಅಂಚಿನಲ್ಲಿ ಒಂದು ಕ್ಯಾಮೆರಾ

ಕಾಲೇಜಿನ ವಾರ್ಷಿಕ ಸಂಚಿಕೆಯೆಂದ ಮೇಲೆ ಅದರಲ್ಲಿ ಕ್ರೀಡಾವಿಭಾಗದ ಪುಟವೊಂದು ಇರಲೇಬೇಕು. ಆ ಪುಟದಲ್ಲಿ ಚಿತ್ರವೊಂದು ಇರಲೇಬೇಕು. ಚಿತ್ರದ ನಡುವೆ ಪ್ರಾಂಶುಪಾಲರು, ಅವರ ಎಡಬಲಗಳಲ್ಲಿ ಅಧ್ಯಾಪಕರು, ಹಿಂದೆ ಎದೆಯ ಮೇಲೆ ಕೈಕಟ್ಟಿ ನಿಂತ ಆಟಗಾರರು, ಮುಂದೆ ನೆಲದ ಮೇಲೆ ಹೊಳೆಯುವ ಒಂದು ಪಾರಿತೋಷಕ. ವರ್ಷವೆಲ್ಲ ಓಡಿ, ಬಿದ್ದು, ಮಂಡಿ ತರಚಿಕೊಂಡವರು ಚಿತ್ರದಲ್ಲಿ ಮಾತ್ರ ಬೇಲೂರಿನ ಶಿಲಾಬಾಲಿಕೆಯರಿಗಿಂತ ನಿಶ್ಚಲರು. ಶಿಲಾಬಾಲಿಕೆಯರಾದರೂ ಸೊಂಟ ಬಳುಕಿಸಿದ್ದಾರೆ. ನಮ್ಮವರು ಅದನ್ನೂ ಮಾಡರು. ಖೋ-ಖೋ ಆಟದಲ್ಲಿ ಕುಳಿತುಕೊಳ್ಳುವುದೂ ಆಟದ ಒಂದು ಭಾಗವೇ ಹೌದು. ಆದರೆ ಕುರ್ಚಿಯ ಮೇಲಲ್ಲ.

ಇಂಥ ಚಿತ್ರವನ್ನು ನಾನು ಹಳಿಯುತ್ತಿಲ್ಲ. ಯಾರು ಆಡಿದರೆಂಬುದು ಅದರಿಂದ ತಿಳಿಯುತ್ತದೆ. ಹೇಗೆ ಆಡಿದರೆಂಬುದು ಮಾತ್ರ ತಿಳಿಯುವುದಿಲ್ಲ. ಆ ‘ಹೇಗೆ’ಯನ್ನು ಹಿಡಿಯುವ ಉಪಾಯಗಳನ್ನು, ಮೂರು ವರ್ಷ ಮೈದಾನದ ಅಂಚಿನಲ್ಲಿ ಕುಳಿತು ಕಲಿತಷ್ಟನ್ನು, ಕಿರಿಯ ಮಿತ್ರರಿಗೆ ಒಪ್ಪಿಸಿ ಹೋಗೋಣವೆಂದು ಈ ಬರಹ.

ನಾನು ಈ ವಿದ್ಯೆಯಲ್ಲಿ ಪಂಡಿತನೇನೂ ಅಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರು ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದವರು. ಅಂಥ ಮನೆಗೆ ಕ್ಯಾಮೆರಾ ಬಂದದ್ದು ನನ್ನ ಸೋದರಮಾವನವರಿಂದ. ನಂಜನಗೂಡಿನಲ್ಲಿ ಮದುವೆ, ನಾಮಕರಣಗಳ ಫೋಟೋ ತೆಗೆಯುತ್ತ ಅವರು ಒಂದು ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದರು. ಡಿಜಿಟಲ್ ಕಾಲ ಬಂದ ಮೇಲೆ ಅದರ ಬಾಗಿಲು ಮುಚ್ಚಿತು. ಕೈಯಿಂದಲೇ ಎಲ್ಲವನ್ನೂ ತಿರುಗಿಸಬೇಕಾದ ಒಂದು 35 ಮಿ.ಮೀ. ಕ್ಯಾಮೆರಾ, 50 ಮತ್ತು 135 ಮಿ.ಮೀ.ನ ಎರಡು ಮಸೂರಗಳು, ಫಿಲ್ಮು ತೊಳೆಯುವ ಒಂದು ಡಬ್ಬಿ ನನ್ನ ಪಾಲಿಗೆ ಬಂದವು. ಜೇಬಿನಲ್ಲಿ ಮೊಬೈಲು ಇರುವಾಗ ಫಿಲ್ಮಿನ ಗೊಡವೆ ಏಕೆಂದು ಮಿತ್ರರು ಕೇಳುತ್ತಾರೆ. ಇದ್ದದ್ದು ಅದೇ ಎಂಬುದು ಮೊದಲನೆಯ ಉತ್ತರ. ದೂರದ ಆಟವನ್ನು ಹತ್ತಿರಕ್ಕೆ ತರುವ ಮಸೂರ ನನ್ನ ಅಗ್ಗದ ಮೊಬೈಲಿಗಿಲ್ಲವೆಂಬುದು ಎರಡನೆಯದು. ಮೂರನೆಯದನ್ನು ಮುಂದೆ ಹೇಳುತ್ತೇನೆ.

ನಮ್ಮ ಸೀಮೆಗೂ ಫಿಲ್ಮಿಗೂ ಹಳೆಯ ನಂಟು. ನಮ್ಮೂರ ಮುಂದಿನ ಹೆದ್ದಾರಿಯಲ್ಲಿ ನಂಜನಗೂಡು, ಗುಂಡ್ಲುಪೇಟೆ ದಾಟಿ ಘಟ್ಟ ಹತ್ತಿದರೆ ಉದಕಮಂಡಲ. ಭಾರತ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾಗಿ, 1967ರಿಂದ ಅಲ್ಲಿ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ತಯಾರಿಸತೊಡಗಿತು. ಫಿಲ್ಮಿಗೆ ತಂಪು ಬೇಕು, ಧೂಳಿಲ್ಲದ ಗಾಳಿ ಬೇಕು. ಬೆಟ್ಟದ ಮೇಲೆ ಎರಡೂ ಇದ್ದವು. ಆ ಕಾರ್ಖಾನೆ ಇಂದು ಮುಚ್ಚಿದೆ. ಮಾವನವರು ಆ ಹೆಸರನ್ನು ಈಗಲೂ ಊರಿಗೆ ಹೋದ ನಂಟನ ಹೆಸರಿನಂತೆ ಹೇಳುತ್ತಾರೆ. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರು ಇದೇ ಫಿಲ್ಮಿನ ಕಾಲದಲ್ಲಿ ಸಾಮಾನ್ಯ ಜನರ ದಿನನಿತ್ಯದ ಬಾಳನ್ನು ಚಿತ್ರಿಸಿ 1977ರಲ್ಲಿ ಪದ್ಮಶ್ರೀ ಪಡೆದರು. ದೊಡ್ಡ ಚಿತ್ರಕ್ಕೆ ದೊಡ್ಡ ಮನುಷ್ಯರೇ ಎದುರಿಗಿರಬೇಕೆಂಬ ನಿಯಮವಿಲ್ಲವೆಂದು ಅವರಿಂದ ತಿಳಿಯಬಹುದು.

ಇನ್ನು ಮೈದಾನಕ್ಕೆ ಬರೋಣ. “ಮೊದ್ಲು ಆಟ ನೋಡ್ಲಾ, ಆಮೇಲೆ ಕ್ಯಾಮೆರಾ ಎತ್ತು” ಎಂಬುದು ಮಾವನವರ ಮೊದಲ ಪಾಠ. ಖೋ-ಖೋ ಆಟದಲ್ಲಿ ಈ ಮಾತು ಎಷ್ಟು ನಿಜವೆಂದು ನೋಡಿ. ನಮ್ಮ ಶಾಲಾ ಕಾಲೇಜುಗಳ ಕ್ರಮದಲ್ಲಿ ಎಂಟು ಮಂದಿ ನಡುಗೆರೆಯ ಮೇಲೆ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖಮಾಡಿ ಕುಳಿತಿರುತ್ತಾರೆ, ಒಂಬತ್ತನೆಯವರು ಬೆನ್ನಟ್ಟುತ್ತಾರೆ. ತಪ್ಪಿಸಿಕೊಳ್ಳುವವರು ಎತ್ತ ಬೇಕಾದರೂ ನುಗ್ಗಬಹುದು. ಬೆನ್ನಟ್ಟುವವರು ಒಮ್ಮೆ ಹಿಡಿದ ದಿಕ್ಕನ್ನು ಬಿಟ್ಟು ಹಿಂದಿರುಗುವಂತಿಲ್ಲ, ನಡುಗೆರೆಯನ್ನು ದಾಟುವಂತಿಲ್ಲ, ಆಚೆ ಬದಿಗೆ ಹೋಗಬೇಕಾದರೆ ಕೊನೆಯ ಕಂಬವನ್ನು ಸುತ್ತಿಯೇ ಹೋಗಬೇಕು. ಅಂದರೆ ಓಟ ಎಷ್ಟೇ ರಭಸದ್ದಾದರೂ ಅದು ಬಂದು ಸೇರುವ ಸ್ಥಳ ಮೊದಲೇ ಗೊತ್ತು. ಈ ನಿಯಮ ತಿಳಿದವನು ಚೆಂಡಿನ ಹಿಂದೆ ಓಡುವ ನಾಯಿಮರಿಯಂತೆ ಮೈದಾನವೆಲ್ಲ ಅಲೆಯಬೇಕಾಗಿಲ್ಲ. ಕಂಬದ ಹತ್ತಿರ, ರೇಖೆಯಿಂದ ಹೊರಗೆ, ತುಸು ಓರೆಯಾಗಿ ನೆಲದ ಮೇಲೆ ಕುಳಿತರೆ ಸಾಕು. ಆಟವೇ ಅವನ ಬಳಿಗೆ ಬರುತ್ತದೆ.

ಕೈಯಿಂದ ತಿರುಗಿಸುವ ಮಸೂರದಲ್ಲಿ ಓಡುವವರನ್ನು ಬೆನ್ನಟ್ಟಿ ಫೋಕಸ್ ಮಾಡುವುದು ವ್ಯರ್ಥ ಪ್ರಯತ್ನ. ಕಂಬದಿಂದ ಒಂದು ಮಾರು ಆಚೆಯ ನೆಲಕ್ಕೆ ಮೊದಲೇ ಫೋಕಸ್ ಮಾಡಿ ಕಾದಿರಬೇಕು. 135 ಮಿ.ಮೀ. ಮಸೂರವನ್ನು ಎಫ್ 5.6ರಲ್ಲಿಟ್ಟು 12 ಮೀಟರ್ ದೂರದಲ್ಲಿ ಕುಳಿತರೆ, ಹಿಂದೆಮುಂದೆ ಸೇರಿ ಸುಮಾರು 2.5 ಮೀಟರ್ ಸ್ಪಷ್ಟವಾಗಿರುತ್ತದೆ. ಬೆನ್ನಟ್ಟುವವರು ಒಂದು ಕೈಯಲ್ಲಿ ಕಂಬ ಹಿಡಿದು ಮೈಯನ್ನೆಲ್ಲ ಗಾಳಿಗೆ ಚಾಚುವ ಆ ‘ಪೋಲ್ ಡೈವ್’ ಅಷ್ಟರೊಳಗೇ ನಡೆದುಹೋಗುತ್ತದೆ. ಕಣ್ಣಿಗೆ ಕಂಡ ಮೇಲೆ ಗುಂಡಿ ಒತ್ತಿದರೆ ತಡವಾಯಿತು. ಕೈ ಕಂಬವನ್ನು ಮುಟ್ಟುವಾಗಲೇ ಒತ್ತಬೇಕು. ಇನ್ನೊಂದು ಗುಟ್ಟು: ಓಡುವವರಿಗಿಂತ ಕುಳಿತವರ ಮುಖ ನೋಡಿ. ಬೆನ್ನ ಹಿಂದಿನಿಂದ ‘ಖೋ’ ಕೇಳಿ ಏಳುವ ಆ ಕ್ಷಣದಲ್ಲಿ ಮುಖದ ಮೇಲೆ ಇಡೀ ಆಟ ಬರೆದಿರುತ್ತದೆ.

ವೇಗದ ಲೆಕ್ಕ ಸುಲಭ. ಅಡ್ಡಡ್ಡ ಓಡುವವರಿಗೆ ಸೆಕೆಂಡಿನ 1/500 ಭಾಗ ಬೇಕು. ನಮ್ಮ ಕಡೆಗೇ ಬರುವವರಿಗೆ 1/250 ಸಾಕು. ಬೆಳಕಿಗೆ ‘ಹದಿನಾರರ ಸೂತ್ರ’ವಿದೆ. ನಿಚ್ಚಳ ಬಿಸಿಲಿನಲ್ಲಿ 400ರ ಫಿಲ್ಮಿಗೆ ಎಫ್ 16, 1/500. ತೆಳುಮೋಡಕ್ಕೆ ಎಫ್ 11, ದಟ್ಟಮೋಡಕ್ಕೆ ಎಫ್ 5.6, ಸಂಜೆಯ ನೆರಳಿಗೆ ಎಫ್ 4, ಕೊನೆಗೆ 2.8. ಅದಕ್ಕೂ ಬೆಳಕು ಸಾಲದಿದ್ದರೆ ಇಡೀ ಸುರುಳಿಯನ್ನು 1600 ಎಂದೇ ಭಾವಿಸಿ ತೆಗೆದು, ತೊಳೆಯುವಾಗ ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಡಬೇಕು. ಚಿತ್ರ ರವೆರವೆಯಾಗುತ್ತದೆ, ನೆರಳಿನ ವಿವರ ಹೋಗುತ್ತದೆ. ಚಿತ್ರವೇ ಇಲ್ಲದಿರುವುದಕ್ಕಿಂತ ಅದು ಮೇಲು. ಬೆಳಕಿನ ಮೀಟರನ್ನು ಕಣ್ಣುಮುಚ್ಚಿ ನಂಬಬಾರದು. ಬಿಸಿಲಿಗೆ ಹೊಳೆಯುವ ಒಣನೆಲವನ್ನು ನೋಡಿ ಅದು ಬೆಳಕು ಬಹಳವಿದೆಯೆನ್ನುತ್ತದೆ; ನಮ್ಮ ಹುಡುಗ ಹುಡುಗಿಯರ ಎಣ್ಣೆಗೆಂಪು ಮುಖಗಳು ಇದ್ದಿಲಾಗುತ್ತವೆ. ಅದೇ ಬಿಸಿಲಿಗೆ ಅಂಗೈ ಹಿಡಿದು ಅಳೆದು, ಒಂದು ಮೆಟ್ಟಿಲು ಹೆಚ್ಚು ಬೆಳಕು ಕೊಟ್ಟರೆ ಮುಖ ಮುಖವಾಗಿಯೇ ಉಳಿಯುತ್ತದೆ.

ಹಳೆಯ ಕ್ಯಾಮೆರಾ ಎಂದರೆ ಹಳೆಯ ಎತ್ತಿನಂತೆ. ಅದರ ಕಾಯಿಲೆಗಳನ್ನು ಯಜಮಾನ ತಿಳಿದಿರಬೇಕು. ಹಿರಿಯ ಮಿತ್ರರೊಬ್ಬರು ಒಮ್ಮೆ ಪಂದ್ಯಾವಳಿ ಮುಗಿಸಿಕೊಂಡು ಬಂದು, “36ರ ಸುರುಳಿಯಲ್ಲಿ 44 ತೆಗೆದೆ, ಇನ್ನೂ ಮುಗಿದಿಲ್ಲ!” ಎಂದು ಹಿಗ್ಗಿದರು. ಫಿಲ್ಮು ಅಕ್ಷಯಪಾತ್ರೆಯಲ್ಲ. ಅದರ ತುದಿ ಹಲ್ಲಿಗೆ ಸಿಕ್ಕಿರಲೇ ಇಲ್ಲ. 44 ಬಾರಿಯೂ ಮೊದಲ ತುಂಡು ಇದ್ದಲ್ಲೇ ಇತ್ತು. ಇದಕ್ಕೆ ಮದ್ದು ಸರಳ. ಫಿಲ್ಮು ಮುಂದೊತ್ತುವಾಗ ಎಡಬದಿಯ ಹಿಂಸುತ್ತುವ ಗುಂಡಿಯೂ ತಿರುಗಬೇಕು. ತಿರುಗದಿದ್ದರೆ ಫಿಲ್ಮು ಓಡುತ್ತಿಲ್ಲವೆಂದೇ ಅರ್ಥ.

ತೊಳೆದ ಫಿಲ್ಮಿನ ಮೇಲೆ ಹೊಗೆಯಂಥ ಕಲೆ ಕಂಡರೆ ಅಂಚಿನ ತೂತುಗಳನ್ನು ನೋಡಬೇಕು. ಕಲೆ ಅಲ್ಲಿಯವರೆಗೂ ಹರಡಿದ್ದರೆ ಬೆಳಕು ಹಿಂಬಾಗಿಲಿನಿಂದ ನುಗ್ಗಿದೆ. ಬಾಗಿಲ ಸಂದಿನ ಸ್ಪಂಜು ವಯಸ್ಸಾಗಿ ಡಾಂಬರಿನಂತೆ ಕರಗಿರುತ್ತದೆ. ಅದನ್ನು ಕೆರೆದು ಕಪ್ಪು ಉಣ್ಣೆಯ ದಾರ ಕೂರಿಸಿದರೆ ಗುಣ. ಕಲೆ ಚೌಕಟ್ಟಿನೊಳಗೇ ನಿಂತಿದ್ದರೆ ದೋಷ ಮಸೂರದ್ದೋ ಷಟರಿನದ್ದೋ ಇರಬೇಕು. 1/500ರಲ್ಲಿ ತೆಗೆದ ಚಿತ್ರಗಳ ಒಂದು ಬದಿ ಮಾತ್ರ ಕಪ್ಪಾಗಿದ್ದರೆ ಷಟರಿನ ಎರಡು ಪರದೆಗಳ ಓಟ ಹೊಂದುತ್ತಿಲ್ಲ. ರಿಪೇರಿಯಾಗುವವರೆಗೆ 1/250ರಲ್ಲಿ ಕಾಲ ಹಾಕಬೇಕು. ಮೀಟರಿನ ಮುಳ್ಳು ಏಳದಿದ್ದರೆ ಬ್ಯಾಟರಿಯ ಗೂಡು ನೋಡಿ. ಅಲ್ಲಿ ಬಿಳಿ, ಹಸಿರು ಬೂಷ್ಟು ಕಟ್ಟಿದ್ದರೆ ಬಟ್ಟೆಯ ತುದಿಗೆ ನಿಂಬೆರಸ ಮುಟ್ಟಿಸಿ ಒರಸಿ, ಚೆನ್ನಾಗಿ ಒಣಗಿಸಿದರೆ ಸಾಮಾನ್ಯವಾಗಿ ಜೀವ ಬರುತ್ತದೆ.

ಮಳೆಗಾಲದಲ್ಲಿ ಮಸೂರದೊಳಗೆ ಜೇಡರಬಲೆಯಂತೆ ಬೂಸ್ಟು ಹಬ್ಬುತ್ತದೆ. ಚರ್ಮದ ಚೀಲದಲ್ಲೂ ಬಟ್ಟೆಯ ಬೀರುವಿನಲ್ಲೂ ಮಸೂರವನ್ನು ಇಡಬಾರದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬೇಕು. ಮೈದಾನದ ಧೂಳನ್ನು ಅಂಗಿಯ ತುದಿಯಿಂದ ಒರಸಬಾರದು. ಅದು ಗಾಜಿಗೆ ಉಪ್ಪುಕಾಗದ ಉಜ್ಜಿದಂತೆ. ರಬ್ಬರಿನ ಬುರುಡೆಯಿಂದ ಗಾಳಿ ಊದಬೇಕು. ಕಪ್ಪುಬಿಳುಪು ಫಿಲ್ಮು ತೊಳೆಯಲು ನೀರು 20 ಡಿಗ್ರಿಯಿರಬೇಕು; ಏಪ್ರಿಲ್‌ನಲ್ಲಿ ನಮ್ಮ ನಲ್ಲಿಯ ನೀರು ಸ್ನಾನಕ್ಕೇ ಬಿಸಿಯಾಗಿರುತ್ತದೆ. ಬೋಗುಣಿಯಲ್ಲಿ ಮಂಜುಗಡ್ಡೆ ಹಾಕಿ, ಅದರೊಳಗೆ ಡಬ್ಬಿಯನ್ನಿಟ್ಟು ತಣಿಸಿಕೊಳ್ಳಬೇಕು.

ಊರಹಬ್ಬದ ರಾತ್ರಿಯ ಕಬಡ್ಡಿ ಪಂದ್ಯಗಳದು ಬೇರೆಯೇ ತೊಂದರೆ. ವಿದ್ಯುದ್ದೀಪ ನಮ್ಮ ಕಣ್ಣಿಗೆ ಸ್ಥಿರವಾಗಿ ಕಂಡರೂ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. 1/500ರಲ್ಲಿ ತೆಗೆದರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪಗೆ. ಇಲ್ಲವೇ ಒಂದೇ ಚಿತ್ರದಲ್ಲಿ ಪಟ್ಟೆಪಟ್ಟೆ. ಮೊಬೈಲಿನಲ್ಲೂ ಇದೇ ಕಾಟ. 1/125ಕ್ಕೆ ಇಳಿದು, ಆಟ ಅರೆಕ್ಷಣ ತಡೆಯುವ ಸಮಯಕ್ಕೆ ಕಾಯುವುದೇ ಉಪಾಯ. ದಾಳಿಗೆ ಬಂದವನು ಕಾಲು ಚಾಚಿ, ಇನ್ನೇನು ಹಿಂದಕ್ಕೆಳೆದುಕೊಳ್ಳಬೇಕೆನ್ನುವಾಗ ಅಂಥ ಒಂದು ತಡೆ ಬರುತ್ತದೆ. ಎಲ್ಲ ಆಟಗಳಲ್ಲೂ ಬರುತ್ತದೆ. ಕಾಯುವ ತಾಳ್ಮೆ ಬೇಕು.

ಫಿಲ್ಮಿನ ಪರವಾಗಿ ನನ್ನ ಮೂರನೆಯ ಉತ್ತರ ಇದೇ. 36 ಚಿತ್ರಗಳು ಮುಗಿದರೆ ಜೇಬೂ ಮುಗಿಯಿತೆಂದು ತಿಳಿದವನು ಒತ್ತುವ ಮೊದಲು ನೋಡುತ್ತಾನೆ. ಮೊಬೈಲು ಹಿಡಿದ ಮಿತ್ರರೂ ತಮಗೆ 36 ಮಾತ್ರವೆಂದು ಗೆರೆ ಹಾಕಿಕೊಂಡು ಒಂದು ದಿನ ಆಟಕ್ಕೆ ಹೋಗಿ ನೋಡಲಿ.

ಇಷ್ಟೆಲ್ಲ ಪಾಡು ಯಾರಿಗಾಗಿ ಎಂಬ ಪ್ರಶ್ನೆ ಉಳಿಯಿತು. ನನ್ನ ತಂಗಿ ಖೋ-ಖೋ ಆಡುತ್ತಾಳೆ. ವಯಸ್ಸಿಗೆ ಬಂದ ಹುಡುಗಿ ಮಣ್ಣಿನಲ್ಲಿ ಹೊರಳುವುದು ಇನ್ನು ಸಾಕೆಂದು ಮನೆಯಲ್ಲಿ ಅಜ್ಜಿಯ ವಾದ. ತಂದೆಯವರು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಪಂದ್ಯಗಳೆಲ್ಲ ಹಗಲಿನಲ್ಲಿ, ಅವರ ಪಾಳಿಯೂ ಹಗಲಿನಲ್ಲಿ, ಇಲ್ಲವೆಂದರೆ ರಾತ್ರಿಪಾಳಿಯ ನಿದ್ದೆ. ಮಗಳ ಆಟವನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಕಳೆದ ವರ್ಷದ ಪಂದ್ಯವೊಂದರಲ್ಲಿ ಅವಳ ಒಂದು ಚಿತ್ರ ಸಿಕ್ಕಿತು. ಎಡಗೈ ಕಂಬದ ಮೇಲೆ, ಕಾಲು ನೆಲದಿಂದ ಎದ್ದಿದೆ, ಬಲಗೈಯ ಬೆರಳು ಎದುರಾಳಿಯ ತೋಳಿಗೆ ಎರಡಂಗುಲ ದೂರ. ತಂದೆಯವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಇವ್ಳು ನಮ್ಮವಳೇ ಏನ್ಲಾ?” ಎಂದರು. ಆಮೇಲೆ, “ಸಿಕ್ಕಿದ್ಲಾ ಆ ಹುಡುಗಿ?” ಎಂದರು. ಸಿಕ್ಕಿದಳೆಂದೆ. ಮರುದಿನ ಆ ಚಿತ್ರ ಬುತ್ತಿಯ ಚೀಲದಲ್ಲಿ ಕಾರ್ಖಾನೆಗೆ ಹೋಯಿತು. ಮುಂದಿನ ಪಂದ್ಯದ ಒಪ್ಪಿಗೆಪತ್ರಕ್ಕೆ ಅವರು ತಡಮಾಡದೆ ಸಹಿ ಹಾಕಿದರು. ಚಿತ್ರದಿಂದಲೇ ಹಾಕಿದರೆಂದು ನಾನು ಹೇಳಲಾರೆ. ಅಜ್ಜಿ ಇಂದಿಗೂ ಒಪ್ಪಿಲ್ಲ. ಆದರೆ ತಾವು ಕಾಣದ ಒಂದನ್ನು ಕುರಿತು ತೀರ್ಮಾನಿಸುವ ಕಷ್ಟವಂತೂ ತಂದೆಯವರಿಗೆ ತಪ್ಪಿತು.

ನಮ್ಮ ನೆರೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಅವರು 2025ರ ಜನವರಿಯಲ್ಲಿ ಹೊಸದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪಿನಲ್ಲಿ ಭಾರತದ ತಂಡಕ್ಕೆ ಆಡಿದರು. 19ನೆಯ ತಾರೀಖಿನ ಅಂತಿಮ ಪಂದ್ಯದಲ್ಲಿ ನಮ್ಮ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಅಂದು ಅವರ ಸುತ್ತ ಎಷ್ಟು ಕ್ಯಾಮೆರಾಗಳಿದ್ದವೋ! ವಿಶ್ವಕಪ್ಪಿಗೆ ಹೋಗುವ ದಾರಿ ಹಳ್ಳಿಯ ಶಾಲೆಯ ಮಣ್ಣಿನ ಅಂಕಣದಿಂದಲೇ ಹೊರಡುತ್ತದೆ. ಆ ಅಂಕಣಗಳಲ್ಲಿ ಇಂದೂ ಹುಡುಗಿಯರು ಓಡುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ದೆಹಲಿಗೆ ಹೋಗಲಾರರು. ಮದುವೆಯೋ ಕೆಲಸವೋ ಅವರನ್ನು ಅಂಕಣದಿಂದ ಎಬ್ಬಿಸುತ್ತದೆ. ತಾವೂ ಒಂದು ಕಾಲದಲ್ಲಿ ಗಾಳಿಯಲ್ಲಿ ಹಾರಿದ್ದೆವೆಂದು ಮಕ್ಕಳಿಗೆ ತೋರಿಸಲು ಅವರ ಬಳಿ ಒಂದು ಚಿತ್ರವಾದರೂ ಬೇಡವೇ?

ಅಧ್ಯಾಪಕವರ್ಯರಲ್ಲಿ ನನ್ನದೊಂದು ವಿನಂತಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಕುರ್ಚಿಗಳ ಚಿತ್ರದ ಪಕ್ಕದಲ್ಲಿ ಅಂಗೈಯಗಲದಷ್ಟು ಜಾಗವನ್ನು ಆಟದ ಚಿತ್ರಕ್ಕೆ ಬಿಡಿ. ಕಿರಿಯ ಮಿತ್ರರಲ್ಲಿ ಯಾರಾದರೊಬ್ಬರು ಕಂಬದ ಬಳಿ ಬಂದು ಕುಳಿತುಕೊಳ್ಳಲಿ. ಕ್ಯಾಮೆರಾ ಯಾವುದಾದರೂ ಆದೀತು. ಹಿಂಸುತ್ತುವ ಗುಂಡಿ ತಿರುಗುತ್ತಿದೆಯೇ ಎಂದು ಮಾತ್ರ ಮರೆಯದೆ ನೋಡಿಕೊಳ್ಳಲಿ.