ಲೆಕ್ಕ ನೋಡುವವರಿಗೆ ಸಂಬಳ ಎಲ್ಲಿಂದ ಬರಬೇಕು?

1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂತು. ಆಗಿನ ಮೇಯರ್ ಅಬ್ರಹಾಂ ಬೀಮ್ ಲೆಕ್ಕ ಬಾರದವರೇನಲ್ಲ. ಅದಕ್ಕೂ ಮೊದಲು ಎರಡು ಸಲ ನಗರದ ಕಂಪ್ಟ್ರೋಲರ್, ಅಂದರೆ ಲೆಕ್ಕ ನೋಡಲೆಂದು ಜನರೇ ಆರಿಸಿ ಕಳಿಸಿದವರು. ಹಾಗಿದ್ದೂ ದಿನನಿತ್ಯದ ಖರ್ಚು ಬಂಡವಾಳ ವೆಚ್ಚದ ಬಾಬಿಗೆ ಹೋಗಿ ಕೂತಿತ್ತು, ವಸೂಲಾಗದ ತೆರಿಗೆ ಆದಾಯದ ಕಡೆ ಸೇರಿತ್ತು, ಅಲ್ಪಾವಧಿ ಸಾಲ ಸುಮಾರು 600 ಕೋಟಿ ಡಾಲರ್ ಮುಟ್ಟಿತ್ತು. ಕಾವಲಿಗೆ ನಿಂತವರಿಗೆ ಇದು ಕಾಣಲಿಲ್ಲವೋ, ಕಂಡರೂ ಹೇಳಲಾಗಲಿಲ್ಲವೋ?

ಆಮೇಲಿನ ಕಂಪ್ಟ್ರೋಲರುಗಳನ್ನು ನೋಡಿ. ಥಾಂಪ್ಸನ್ 2009ರಲ್ಲಿ, ಲಿಯು 2013ರಲ್ಲಿ, ಸ್ಟ್ರಿಂಗರ್ 2021ರಲ್ಲಿ, ಲ್ಯಾಂಡರ್ 2025ರಲ್ಲಿ ಮೇಯರ್ ಚುನಾವಣೆಗೆ ನಿಂತರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದೇ ಕುರ್ಚಿಗೆ ಸ್ಪರ್ಧಿಸುವವರು ಎತ್ತಿದ ಆಕ್ಷೇಪವನ್ನು ಜನ ಚುನಾವಣಾ ಭಾಷಣವೆಂದು ಬದಿಗಿಟ್ಟರೆ ನಷ್ಟ ನಗರಕ್ಕೇ.

ಮತ್ತೆ ಆ ಬಿಕ್ಕಟ್ಟಿಗೆ ಬರೋಣ. 1975ರಲ್ಲಿ ರಾಜ್ಯ ಸರ್ಕಾರ ನಗರದ ಮೇಲೆ ನಿಯಂತ್ರಣ ಮಂಡಳಿ ಕೂರಿಸಿತು. 1986ರವರೆಗೆ ನಗರದ ಬಜೆಟ್ಟಿಗೆ ಅದರ ಒಪ್ಪಿಗೆ ಬೇಕಿತ್ತು. 1976ರಲ್ಲಿ ಸಿಟಿ ಯೂನಿವರ್ಸಿಟಿಯ ಉಚಿತ ಶಿಕ್ಷಣ ನಿಂತುಹೋಯಿತು. ಪುಸ್ತಕ ತಿದ್ದಿದವರು ಯಾರೋ, ಶುಲ್ಕ ಕಟ್ಟಿದವರು ಬಡವರ ಮಕ್ಕಳು. ಇದನ್ನು ಓದುವಾಗ ಈಗಲೂ ಸಿಟ್ಟು ಬರುತ್ತದೆ.

1989ರಲ್ಲಿ ಮತದಾರರು ಒಪ್ಪಿದ ನಗರ ಸನ್ನದಿನಲ್ಲಿ ಹೊಸದೊಂದು ಕಚೇರಿ ಬಂತು: ಸ್ವತಂತ್ರ ಬಜೆಟ್ ಕಚೇರಿ. ಅದರ ನಿರ್ದೇಶಕರ ನೇಮಕದಲ್ಲಿ ಮೇಯರ್ ಕೈ ಇಲ್ಲ. ಇನ್ನೂ ದೊಡ್ಡ ಮಾತೆಂದರೆ, ಮೇಯರ್ ಅವರ ಸ್ವಂತ ಬಜೆಟ್ ಕಚೇರಿಗೆ ಎಷ್ಟು ಹಣವೋ ಅದರ ಕನಿಷ್ಠ ಶೇ. 10ರಷ್ಟು ಇದಕ್ಕೆ ಕೊಡಲೇಬೇಕು. ಲೆಕ್ಕ ಬರೆಯುವ ಕೈ ಬಲವಾದಷ್ಟೂ ಲೆಕ್ಕ ನೋಡುವ ಕಣ್ಣೂ ಬಲವಾಗಬೇಕು ಎಂದು ಯೋಚಿಸಿದವರ ಬಗ್ಗೆ ನನಗೆ ಗೌರವ.

ಕಾನೂನು ಬಂದರೂ ಕಚೇರಿ ಬಾಗಿಲು ತೆರೆದದ್ದು 1996ರಲ್ಲಿ, ಮೇಯರ್ ಜೂಲಿಯಾನಿ ಜೊತೆಗಿನ ಜಗಳ ಕೋರ್ಟಿನ ಮೆಟ್ಟಿಲೇರಿದ ಮೇಲೆ.

ನನಗೆ ಬಗೆಹರಿಯದ್ದು ಇಲ್ಲೇ. ಈ ಕಚೇರಿಗೆ ಒಂದು ಡಾಲರ್ ಖರ್ಚನ್ನೂ ತಡೆಯುವ ಅಧಿಕಾರವಿಲ್ಲ. ಮಾಹಿತಿ ಕೇಳಿ ಪಡೆಯಬಹುದು, ಅಂದಾಜು ಮಾಡಬಹುದು, ಅದನ್ನು ಎಲ್ಲರೆದುರು ಇಡಬಹುದು, ಅಷ್ಟೇ. ಅಷ್ಟಕ್ಕೇ ಅಷ್ಟೊಂದು ವಿರೋಧ ಯಾಕಿತ್ತು?